ಕುದಿಯುತ್ತಲೇ ಮಂಜುಗಡ್ಡೆಯಾಗುವ ನೀರು: ಒಂದು ವ್ಯಾಕ್ಯೂಮ್ ಪಾತ್ರೆ ಕಟ್ಟಿದ ವಿವರ

ಎ.ಸಿ. ಕೂರಿಸಲು ಬರುವ ಮೆಕ್ಯಾನಿಕ್‌ಗಳು ಗ್ಯಾಸ್ ಬಿಡುವ ಮುಂಚೆ ಒಂದು ಸಣ್ಣ ಪಂಪು ಹಚ್ಚಿ ತಾಮ್ರದ ಪೈಪಿನೊಳಗಿನ ಗಾಳಿಯನ್ನೆಲ್ಲ ಎಳೆಯುತ್ತಾರೆ. ಗಾಳಿ ತೆಗೆಯುವುದು ಅರ್ಧ ಕೆಲಸ ಅಷ್ಟೆ. ಪೈಪಿನೊಳಗೆ ಉಳಿದ ನೀರಿನ ಪಸೆಯನ್ನು ಕುದಿಸಿ ಓಡಿಸುವುದು ಇನ್ನರ್ಧ. ಬೆಂಕಿ ಬೇಡ, ಹೀಟರ್ ಬೇಡ. ಒತ್ತಡ ಇಳಿದರೆ ಸಾಕು, ನೀರು ಇದ್ದ ಬಿಸಿಯಲ್ಲೇ ಕುದಿಯುತ್ತದೆ. ಪಳಗಿದ ಮೆಕ್ಯಾನಿಕ್ ಇನ್ನೂ ಒಂದು ಮಾತು ಹೇಳುತ್ತಾರೆ: ಪೈಪಿನಲ್ಲಿ ನೀರು ಜಾಸ್ತಿ ಇದ್ದಾಗ ಪಂಪು ಜೋರಾಗಿ ಎಳೆದರೆ ಆ ನೀರು ಒಳಗೇ ಐಸ್ ಆಗಿ ಕೂತುಬಿಡುತ್ತದೆ, ಆಮೇಲೆ ಅದನ್ನು ಹೊರಗೆ ಹಾಕಲು ತುಂಬಾ ಹೊತ್ತು ಬೇಕು.

ಕುದಿಸಲು ಹೋದರೆ ಐಸ್ ಆಗುತ್ತದೆ. ಈ ಮಾತು ನನ್ನ ತಲೆಯಿಂದ ಹೋಗಲೇ ಇಲ್ಲ. ಪೈಪಿನೊಳಗೆ ಯಾರಿಗೂ ಕಾಣದಂತೆ ನಡೆಯುವ ಈ ಕೆಲಸವನ್ನು ಕಣ್ಣಾರೆ ನೋಡಬೇಕು ಅನ್ನಿಸಿತು. ಅದಕ್ಕೇ ಬೆಂಗಳೂರಿನ ಮನೆಯಲ್ಲಿ ಈ ಪಾತ್ರೆ ಕಟ್ಟಿದೆ. ಹೇಗೆ ಕಟ್ಟಿದೆ, ಎಲ್ಲಿ ತೊಡಕಾಯಿತು, ನೀರು ಒಳಗೆ ಏನೇನು ಮಾಡಿತು ಎಂಬುದನ್ನೆಲ್ಲ ಇಲ್ಲಿ ಬರೆದಿದ್ದೇನೆ. ಮಾಡಿ ನೋಡುವವರಿಗೆ ಉಪಯೋಗವಾಗಲಿ.

ಏನು ಸಾಧಿಸಬೇಕು ಎನ್ನುವುದನ್ನು ಮೊದಲು ಹೇಳಿಬಿಡುತ್ತೇನೆ. ಸಮುದ್ರಮಟ್ಟದಲ್ಲಿ ಗಾಳಿಯ ಒತ್ತಡ ಸುಮಾರು 1013 ಮಿಲಿಬಾರ್. ಬೆಂಗಳೂರು ಸುಮಾರು 920 ಮೀಟರ್ ಎತ್ತರದಲ್ಲಿದೆ, ಇಲ್ಲಿ 910ರ ಆಸುಪಾಸು. ಅದಕ್ಕೇ ಇಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ, ಮಂಗಳೂರಿನಲ್ಲಿ 100 ಬೇಕು. ಒತ್ತಡವನ್ನು 123 ಮಿಲಿಬಾರ್‌ಗೆ ಇಳಿಸಿದರೆ 50 ಡಿಗ್ರಿ ಸಾಕು. 36ಕ್ಕೆ ಇಳಿಸಿದರೆ 27 ಡಿಗ್ರಿಯ ನೀರು, ಅಂದರೆ ಸುಮ್ನೆ ಮೇಜಿನ ಮೇಲಿಟ್ಟ ನೀರು, ಕುದಿಯುತ್ತದೆ. 12 ಮಿಲಿಬಾರ್‌ನಲ್ಲಿ 10 ಡಿಗ್ರಿಗೆ ಕುದಿಯುತ್ತದೆ. 6.1 ಮಿಲಿಬಾರ್ ಮುಟ್ಟಿದರೆ ಕುದಿಯುವ ಬಿಂದುವೂ ಹೆಪ್ಪುಗಟ್ಟುವ ಬಿಂದುವೂ ಒಂದೇ ಜಾಗಕ್ಕೆ ಬಂದು ನಿಲ್ಲುತ್ತವೆ. ನನ್ನ ಗುರಿ ಆ ಜಾಗ.

ಪಾತ್ರೆ

ಗಾಜಿನ ಜಾಡಿ, ಉಪ್ಪಿನಕಾಯಿ ಭರಣಿ, ಬಾಟಲಿ ಯಾವುದನ್ನೂ ಬಳಸಬೇಡಿ. ಗಾಳಿ ತೆಗೆದಾಗ ಹೊರಗಿನ ಒತ್ತಡ ಎಲ್ಲ ಕಡೆಯಿಂದ ಒತ್ತುತ್ತದೆ. ಗಾಜಿನಲ್ಲಿ ಕಾಣದ ಒಂದು ಗೀರು ಇದ್ದರೂ ಅದು ಒಳಕ್ಕೆ ಒಡೆದು ಚೂರುಗಳು ಹೊರಕ್ಕೆ ಹಾರುತ್ತವೆ. ಕುಕ್ಕರ್ ಪಾತ್ರೆಯ ಯೋಚನೆ ಎಲ್ಲರಿಗೂ ಬರುತ್ತದೆ. ಆದರೆ ಕುಕ್ಕರ್ ಮಾಡಿರುವುದು ಒಳಗಿನಿಂದ ಹೊರಕ್ಕೆ ಒತ್ತುವ ಆವಿಯನ್ನು ತಡೆಯಲು. ಇಲ್ಲಿ ಒತ್ತುವುದು ಹೊರಗಿನಿಂದ ಒಳಕ್ಕೆ. ನಾನು ಗುಜರಿ ಅಂಗಡಿಯಿಂದ 8 ಇಂಚಿನ ಕಬ್ಬಿಣದ ಪೈಪಿನ ತುಂಡು ತಂದೆ. ಗೋಡೆ 6 ಮಿ.ಮೀ. ದಪ್ಪ, ಎತ್ತರ 15 ಸೆಂ.ಮೀ. ಕೆಳಗೆ 10 ಮಿ.ಮೀ. ಪ್ಲೇಟ್ ಕೂರಿಸಿ ವೆಲ್ಡಿಂಗ್ ಮಾಡಿಸಿದೆ. ಬಾಯಿಯನ್ನು ಲೇತ್‌ನಲ್ಲಿ ಹಾಕಿ ಸಮ ಮಾಡಿಸಿದೆ. ಈ ಕೊನೆಯ ಕೆಲಸಕ್ಕೆ ಚೌಕಾಸಿ ಮಾಡಬೇಡಿ, ಬಾಯಿ ಸಮ ಇಲ್ಲದಿದ್ದರೆ ಯಾವ ಗ್ಯಾಸ್ಕೆಟ್ಟೂ ನಿಮ್ಮನ್ನು ಕಾಪಾಡುವುದಿಲ್ಲ.

ವೆಲ್ಡಿಂಗ್ ಒಳಗಡೆಯಿಂದ, ಒಂದೇ ಓಟದಲ್ಲಿ ಆಗಬೇಕು. ಹೊರಗಡೆ ಮಾತ್ರ ಮಾಡಿದರೆ ಒಳಗೆ ಪೈಪಿಗೂ ಪ್ಲೇಟಿಗೂ ನಡುವೆ ಸಂದಿ ಉಳಿಯುತ್ತದೆ. ಆ ಸಂದಿಯಲ್ಲಿ ಸೇರಿಕೊಂಡ ಗಾಳಿ ನಿಧಾನವಾಗಿ ಹೊರಬರುತ್ತಾ ಲೀಕ್ ಇದೆಯೇನೋ ಅನ್ನಿಸುತ್ತದೆ. ಸೂಜಿಮೊನೆಯಂಥ ತೂತುಗಳನ್ನು ಹುಡುಕಲು ವೆಲ್ಡಿಂಗ್ ಅಂಗಡಿಯವರೇ ಒಂದು ಹಳೆಯ ಉಪಾಯ ಹೇಳಿದರು. ಹೊರಗಿನ ಜೋಡಣೆಗೆ ಸುಣ್ಣ ಬಳಿದು ಒಣಗಿಸುವುದು, ಒಳಗೆ ಸೀಮೆಎಣ್ಣೆ ಹಾಕಿ ಬಿಡುವುದು. ಸೀಮೆಎಣ್ಣೆ ಎಂಥ ಸಣ್ಣ ತೂತಿನಲ್ಲೂ ನುಸುಳುತ್ತದೆ. ಸ್ವಲ್ಪ ಹೊತ್ತಿಗೆ ಬಿಳಿ ಸುಣ್ಣದ ಮೇಲೆ ಸಾಸಿವೆಕಾಳಿನಷ್ಟು ಕಪ್ಪು ಚುಕ್ಕೆ ಎದ್ದಿತು. ಅಲ್ಲಿ ಉಜ್ಜಿ ಮತ್ತೆ ವೆಲ್ಡಿಂಗ್ ಹಾಕಿದರು. ಆದರೆ ಆ ಬೆಂಕಿಕೆಲಸಕ್ಕೆ ಮುಂಚೆ ಸೀಮೆಎಣ್ಣೆಯನ್ನು ಪೂರ್ತಿ ತೆಗೆದು, ಸೋಪಿನಲ್ಲಿ ತೊಳೆದು, ಬಿಸಿಲಿಗೆ ಒಣಗಿಸಿರಬೇಕು. ಒಂದು ಹನಿ ಉಳಿದರೂ ಬೆಂಕಿ ಹತ್ತಬಹುದು. ಅದಲ್ಲದೆ ಉಳಿದ ಎಣ್ಣೆ ಆವಿಯಾಗುತ್ತಾ ಪಂಪಿಗೆ ಸುಳ್ಳು ಕೆಲಸ ಕೊಡುತ್ತದೆ.

ಮುಚ್ಚಳ 20 ಮಿ.ಮೀ. ಅಕ್ರಿಲಿಕ್. ಬೋರ್ಡ್ ಮಾಡುವ ಅಂಗಡಿಯಲ್ಲಿ ದುಂಡಗೆ ಕತ್ತರಿಸಿಕೊಟ್ಟರು. 12 ಮಿ.ಮೀ. ಸಾಕಲ್ವಾ ಅಂತ ಕೇಳುವವರಿಗೆ ಲೆಕ್ಕ ಹೇಳುತ್ತೇನೆ. ಮುಚ್ಚಳದ ಮೇಲೆ ಗಾಳಿ ಹಾಕುವ ಭಾರ ಬೆಂಗಳೂರಿನಲ್ಲೂ 300 ಕೆ.ಜಿ.ಗಿಂತ ಜಾಸ್ತಿ. 20 ಮಿ.ಮೀ.ನಲ್ಲಿ ಅಕ್ರಿಲಿಕ್ ಮೇಲೆ ಬೀಳುವ ಎಳೆತಕ್ಕಿಂತ 12ರಲ್ಲಿ ಎರಡೂವರೆ ಪಟ್ಟಿಗೂ ಜಾಸ್ತಿ ಎಳೆತ ಬೀಳುತ್ತದೆ. ಅದರ ಮೇಲೆ ಮುಖ ಬಾಗಿಸಿ ನೋಡುವವರು ನೀವೇ. ದಪ್ಪದ್ದನ್ನೇ ಹಾಕಿ, ಕಣ್ಣಿಗೆ ಕನ್ನಡಕವನ್ನೂ ಹಾಕಿ. ಇನ್ನೊಂದು ವಿಷಯ: ಅಕ್ರಿಲಿಕ್ ಅನ್ನು ಸ್ಪಿರಿಟ್‌ನಿಂದ ಒರೆಸಬೇಡಿ. ಕೂದಲೆಳೆಯಂಥ ಬಿರುಕುಗಳು ಏಳುತ್ತವೆ. ಸೋಪಿನ ನೀರು, ಮೆತ್ತನೆ ಬಟ್ಟೆ ಸಾಕು.

ಗ್ಯಾಸ್ಕೆಟ್‌ಗೆ 5 ಮಿ.ಮೀ. ರಬ್ಬರ್ ಶೀಟಿನಲ್ಲಿ ಇಡೀ ಉಂಗುರವನ್ನೇ ಕತ್ತರಿಸಿದೆ. ಪಟ್ಟಿ ಸುತ್ತಿ ತುದಿ ಅಂಟಿಸಿದರೆ ಆ ಜೋಡಣೆಯಲ್ಲೇ ಲೀಕ್ ಆಗುತ್ತದೆ. ಮೇಲೆ ತೆಳುವಾಗಿ ಸಿಲಿಕೋನ್ ಗ್ರೀಸ್ ಸವರಿದೆ. ಕ್ಲಾಂಪ್, ಬೋಲ್ಟು ಏನೂ ಬೇಡ. ಪಂಪು ಶುರುವಾದ ಕೂಡಲೇ ಗಾಳಿಯೇ ಮುಚ್ಚಳವನ್ನು ಅದುಮಿ ಹಿಡಿಯುತ್ತದೆ.

ಪಕ್ಕದಲ್ಲಿ ಅರ್ಧ ಇಂಚಿನ ಎರಡು ಸಾಕೆಟ್. ಒಂದಕ್ಕೆ ಬಾಲ್ ವಾಲ್ವ್ ಹಾಕಿ ಪಂಪಿಗೆ ಜೋಡಿಸಿದೆ. ಇನ್ನೊಂದಕ್ಕೆ ಗಾಳಿ ಒಳಬಿಡುವ ಸಣ್ಣ ವಾಲ್ವ್. ಅದರ ಪಕ್ಕದಲ್ಲೇ ತಾಪ ಅಳೆಯುವ ಥರ್ಮೋಕಪಲ್ ತಂತಿಯನ್ನು ಒಂದು ತೂತಿನಿಂದ ಒಳಗೆ ಹಾಯಿಸಿ ಅರಾಲ್ಡೈಟ್ ಅಂಟು ತುಂಬಿ ಮುಚ್ಚಿದೆ. ತಂತಿಯ ಪ್ಲಾಸ್ಟಿಕ್ ಹೊದಿಕೆಯನ್ನು ಆ ಜಾಗದಲ್ಲಿ ಸುಲಿದಿರಬೇಕು. ಇಲ್ಲದಿದ್ದರೆ ಹೊದಿಕೆಗೂ ತಂತಿಗೂ ನಡುವಿನ ಸಂದಿಯಲ್ಲೇ ಗಾಳಿ ಒಳಗೆ ಬರುತ್ತದೆ.

ಪಂಪು, ಗೇಜು

ಮೊದಲು ಹಳೆಯ ಫ್ರಿಜ್ಜಿನ ಕಂಪ್ರೆಸರ್ ಹಚ್ಚಿ ನೋಡಿದೆ. ಬೆಚ್ಚಗಿನ ನೀರು ಕುದಿಯಿತು, ನೋಡಲು ಚೆನ್ನಾಗಿತ್ತು. ಆದರೆ ಕಂಪ್ರೆಸರಿನ ಪಿಸ್ಟನ್ ಮೇಲೆ ಹೋದಾಗಲೂ ಸ್ವಲ್ಪ ಜಾಗ ಉಳಿಯುತ್ತದೆ. ಅಲ್ಲಿ ಸಿಕ್ಕಿಕೊಂಡ ಗಾಳಿ ಪಿಸ್ಟನ್ ಕೆಳಗೆ ಬಂದಾಗ ಮತ್ತೆ ಹಿಗ್ಗಿ ಸಿಲಿಂಡರ್ ತುಂಬುತ್ತದೆ. ಒಂದು ಹಂತ ಆದಮೇಲೆ ಅದು ಹೊಸ ಗಾಳಿಯನ್ನು ಎಳೆಯುವುದೇ ಇಲ್ಲ. ನನಗೆ ಸಿಕ್ಕ ಕಂಪ್ರೆಸರ್ ಐಸ್‌ನ ಹತ್ತಿರಕ್ಕೂ ಹೋಗಲಿಲ್ಲ. ಅದಕ್ಕೇ ಎ.ಸಿ. ಕೆಲಸದವರು ಬಳಸುವ ಎರಡು ಹಂತದ ರೋಟರಿ ಪಂಪನ್ನೇ ಸೆಕೆಂಡ್ ಹ್ಯಾಂಡ್‌ನಲ್ಲಿ ತಂದೆ. ನಿಮಿಷಕ್ಕೆ ಸುಮಾರು 60 ಲೀಟರ್ ಎಳೆಯುವಂಥದ್ದು.

ಪಂಪು ಕೊಟ್ಟ ಮೆಕ್ಯಾನಿಕ್ ಜೋಡಿಸಿಕೊಡಲೂ ಬಂದಿದ್ದರು. ಡಯಲ್ ಗೇಜು 27ರ ಹತ್ತಿರ ಬಂದು ನಿಂತಿತು. "ಮೂವತ್ತಕ್ಕೆ ಹೋಗ್ತಿಲ್ಲ ಸಾರ್, ಎಲ್ಲೋ ಲೀಕ್ ಇದೆ" ಅಂದರು. ಲೀಕ್ ಇರಲಿಲ್ಲ. ಈ ಗೇಜುಗಳು ತೋರಿಸುವುದು ಹೊರಗಿನ ಗಾಳಿಗೂ ಒಳಗಿನ ಗಾಳಿಗೂ ಇರುವ ವ್ಯತ್ಯಾಸವನ್ನು. ಸಮುದ್ರಮಟ್ಟದಲ್ಲಿ ಹೊರಗಿನ ಗಾಳಿಯೇ ಸುಮಾರು 30 ಇಂಚು ಪಾದರಸದಷ್ಟು ಇರುತ್ತದೆ, ಬೆಂಗಳೂರಿನಲ್ಲಿ ಇರುವುದೇ 27. ಪಾತ್ರೆ ಪೂರ್ತಿ ಖಾಲಿಯಾದರೂ ಮುಳ್ಳು 27 ದಾಟುವುದಿಲ್ಲ. ಮೈಸೂರು, ಹಾಸನ, ಮಡಿಕೇರಿಯಲ್ಲಿ ಇದನ್ನು ಕಟ್ಟುವವರು ಇದನ್ನು ನೆನಪಿಡಿ. ಇಲ್ಲದ ಲೀಕ್ ಹುಡುಕುತ್ತಾ ದಿನ ಕಳೆಯಬೇಕಾಗುತ್ತದೆ.

ಹಾಗೆ ನೋಡಿದರೆ ನಮಗೆ ಬೇಕಾದ ಕಡೆ ಆ ಡಯಲ್ ಗೇಜು ಉಪಯೋಗಕ್ಕೇ ಬರುವುದಿಲ್ಲ. 12 ಮಿಲಿಬಾರಿಗೂ 6 ಮಿಲಿಬಾರಿಗೂ ನಡುವೆ ಮುಳ್ಳು ಅಲುಗಾಡಿದ್ದು ಕಣ್ಣಿಗೇ ಕಾಣುವುದಿಲ್ಲ. ಆರ್ಡ್ವಿನೋ ಎಂಬ ಪುಟ್ಟ ಎಲೆಕ್ಟ್ರಾನಿಕ್ ಬೋರ್ಡಿನ ಜೊತೆ ಬಳಸುವ ಬಿಎಂಪಿ280 ಒತ್ತಡದ ಸೆನ್ಸರ್ 300 ಮಿಲಿಬಾರ್‌ಗಿಂತ ಕೆಳಗಿನ ಅಳತೆಗೆ ಮಾಡಿದ್ದಲ್ಲ. ಮೆಕ್ಯಾನಿಕ್‌ಗಳ ಹತ್ತಿರ ಇರುವ ಮೈಕ್ರಾನ್ ಗೇಜು ಸರಿಯಾದದ್ದು, ಅದರಲ್ಲಿ ನಮ್ಮ ಗುರಿ ಸುಮಾರು 4580 ಮೈಕ್ರಾನ್ (ಒಂದು ಮೈಕ್ರಾನ್ ಎಂದರೆ ಪಾದರಸದ ಒಂದು ಮಿ.ಮೀ.ನ ಸಾವಿರದಲ್ಲಿ ಒಂದು ಪಾಲು). ಅದು ಇಲ್ಲದಿದ್ದರೂ ಚಿಂತೆ ಇಲ್ಲ. ಕುದಿಯುವ ನೀರೇ ಒಂದು ಗೇಜು. ಅದರೊಳಗೆ ಮುಳುಗಿಸಿದ ಥರ್ಮೋಕಪಲ್ 20 ಡಿಗ್ರಿ ತೋರಿಸುತ್ತಾ ನೀರು ಕುದಿಯುತ್ತಿದ್ದರೆ ಒಳಗೆ 23 ಮಿಲಿಬಾರ್ ಇದೆ ಎಂದರ್ಥ. 10 ತೋರಿಸಿದರೆ 12. ಆವಿಯ ಒತ್ತಡದ ಕೋಷ್ಟಕ ಯಾವ ಪಿಯುಸಿ ಪುಸ್ತಕದ ಹಿಂದೆ ಇದ್ದರೂ ಸಾಕು. ಥರ್ಮೋಕಪಲ್ ಮಾತ್ರ ಮೊದಲು ಪುಡಿ ಐಸ್ ಹಾಕಿದ ನೀರಿನಲ್ಲಿ ಅದ್ದಿ, ಸೊನ್ನೆಗೆ ಎಷ್ಟು ತಪ್ಪು ತೋರಿಸುತ್ತದೆ ಎಂದು ಬರೆದಿಟ್ಟುಕೊಳ್ಳಿ.

10 ಡಿಗ್ರಿಯಲ್ಲಿ ಸಿಕ್ಕಿಕೊಂಡ ನೀರು

ಸ್ಟೀಲ್ ಬಟ್ಟಲಿನಲ್ಲಿ ನೀರು ಇಟ್ಟು ಪಂಪು ಹಾಕಿದೆ. ಮೊದಲು ಬಟ್ಟಲಿನ ಗೋಡೆಗೆ ಸಣ್ಣ ಸಣ್ಣ ಗುಳ್ಳೆ ಅಂಟಿದವು. ಅದು ಕುದಿತ ಅಲ್ಲ, ನೀರಿನಲ್ಲಿ ಕರಗಿದ್ದ ಗಾಳಿ ಹೊರಬರುವುದು. ಆಮೇಲೆ ಸ್ವಲ್ಪ ಹೊತ್ತು ಏನೂ ಇಲ್ಲ. ಇದ್ದಕ್ಕಿದ್ದಂತೆ ತಳದಿಂದ ನಿಂಬೆಹಣ್ಣಿನ ಗಾತ್ರದ ಒಂದೇ ಗುಳ್ಳೆ ಎದ್ದು ನೀರನ್ನು ಮುಚ್ಚಳದವರೆಗೆ ಎರಚಿತು. ಒತ್ತಡ ಕಡಿಮೆ ಇರುವಾಗ ಗುಳ್ಳೆಗಳು ಹೀಗೇ: ಕಡಿಮೆ, ಆದರೆ ದೊಡ್ಡವು. ಒಲೆಯ ಮೇಲಿನ ನೀರಿನಂತೆ ಸಣ್ಣಗೆ ಕೊತಕೊತ ಅನ್ನುವುದಿಲ್ಲ. ಎರಚಾಟ ನಿಲ್ಲಿಸಲು ಹೆಂಚಿನ ಚೂರು ಒಂದೆರಡು ಹಾಕಿ. ಹೆಂಚಿನ ಸಣ್ಣ ರಂಧ್ರಗಳಲ್ಲಿ ಕೂತ ಗಾಳಿಯಿಂದ ಗುಳ್ಳೆ ಸುಲಭವಾಗಿ ಹುಟ್ಟುತ್ತದೆ, ಕುದಿತ ಹದಕ್ಕೆ ಬರುತ್ತದೆ.

ನೀರು ಕುದಿಯುತ್ತಲೇ ತಣ್ಣಗಾಗತೊಡಗಿತು. 27, 22, 18, 14. ಬಿಸಿ ಕೊಡುವವರು ಯಾರೂ ಇಲ್ಲ. ದ್ರವ ಆವಿಯಾಗಲು ಬೇಕಾದ ಶಾಖವನ್ನು ಉಳಿದ ನೀರೇ ತನ್ನ ಮೈಯಿಂದ ಕೊಡಬೇಕು. ಒಂದು ಗ್ರಾಂ ನೀರು ಆವಿಯಾಗಲು ಈ ಬಿಸಿಯಲ್ಲಿ ಸುಮಾರು 2480 ಜೂಲ್ ಬೇಕು. ಅದೇ ಒಂದು ಗ್ರಾಂ ನೀರನ್ನು ಒಂದು ಡಿಗ್ರಿ ತಣ್ಣಗೆ ಮಾಡಲು ತೆಗೆಯಬೇಕಾದ್ದು 4.2 ಜೂಲ್ ಮಾತ್ರ, ಪೂರ್ತಿ ಐಸ್ ಮಾಡಲು 334. ಅಂದರೆ ಒಂದು ಗ್ರಾಂ ಆವಿ ಹಾರಿಹೋದರೆ ಏಳು ಗ್ರಾಂ ಸೊನ್ನೆ ಡಿಗ್ರಿಯ ನೀರನ್ನು ಐಸ್ ಮಾಡುವಷ್ಟು ಶಾಖ ಅದರ ಜೊತೆ ಹೋಗುತ್ತದೆ. ಬೇಸಿಗೆಯಲ್ಲಿ ಮಣ್ಣಿನ ಹೂಜಿಯ ನೀರು ತಣ್ಣಗಿರುವುದೂ ಇದೇ ಕಾರಣಕ್ಕೆ. ಅಲ್ಲಿ ಆವಿಯಾಗುವುದು ನಿಧಾನ, ಇಲ್ಲಿ ಪಂಪು ಎಳೆದು ಎಳೆದು ಆವಿಯಾಗಿಸುತ್ತದೆ.

ಆದರೆ 10 ಡಿಗ್ರಿಗೆ ಬಂದು ನೀರು ಅಲ್ಲೇ ನಿಂತಿತು. ಅರ್ಧ ಗಂಟೆ ಬಿಟ್ಟರೂ ಕೆಳಗೆ ಇಳಿಯಲಿಲ್ಲ. ಲೀಕ್ ಇರಲಿಲ್ಲ: ವಾಲ್ವ್ ಮುಚ್ಚಿ ಪಂಪು ನಿಲ್ಲಿಸಿ, ಒಣ ಪಾತ್ರೆಯಲ್ಲಿ ಮೊದಲೇ ಪರೀಕ್ಷೆ ಮಾಡಿದ್ದೆ. ಪಂಪೂ ಚೆನ್ನಾಗಿತ್ತು. ತೊಡಕು ಇದ್ದದ್ದು ಮೂರು ಕಡೆ. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಕಲಿಸಿದ್ದು ಇದೇ ಭಾಗ.

ಮೊದಲನೆಯದು ಹೋಸು. ಪಂಪಿನ ಜೊತೆ ಬಂದ, ಎ.ಸಿ.ಗೆ ಗ್ಯಾಸ್ ತುಂಬಲು ಬಳಸುವ ಹಳದಿ ಚಾರ್ಜಿಂಗ್ ಹೋಸಿನ ಒಳತೂತು 5 ಮಿ.ಮೀ., ಉದ್ದ ಒಂದು ಮೀಟರ್. ಗಾಳಿ ಎಳೆಯಲು ಅದು ಸಾಕು. ಆದರೆ ನೀರಿನ ಆವಿ ಈ ಒತ್ತಡದಲ್ಲಿ ಎಷ್ಟು ಹಿಗ್ಗಿರುತ್ತದೆ ಎಂದು ಲೆಕ್ಕ ಹಾಕಿ ನೋಡಿ. ಸಮುದ್ರಮಟ್ಟದಲ್ಲಿ ಒಲೆಯ ಮೇಲೆ ಒಂದು ಗ್ರಾಂ ನೀರು ಆವಿಯಾದರೆ ಸುಮಾರು 1.7 ಲೀಟರ್. ಸೊನ್ನೆ ಡಿಗ್ರಿಯಲ್ಲಿ 6 ಮಿಲಿಬಾರ್‌ನಲ್ಲಿ ಅದೇ ಒಂದು ಗ್ರಾಂ 200 ಲೀಟರ್‌ಗಿಂತ ಜಾಸ್ತಿ ಜಾಗ ಹಿಡಿಯುತ್ತದೆ. ಅಷ್ಟು ಆವಿಯನ್ನು ಸಾಗಿಸಿದರೆ ಮಾತ್ರ ಆ ಒಂದು ಗ್ರಾಮಿನ ಶಾಖ ಹೊರಗೆ ಹೋಗುತ್ತದೆ. ಒತ್ತಡ ಇಳಿದಷ್ಟೂ ಹೋಸಿನಲ್ಲಿ ಆವಿಯನ್ನು ತಳ್ಳುವ ಶಕ್ತಿಯೂ ಕಮ್ಮಿ. ಲೆಕ್ಕ ಹಾಕಿದರೆ, 6 ಮಿಲಿಬಾರ್‌ನಲ್ಲಿ ಆ ಹಳದಿ ಹೋಸು ಸಾಗಿಸಬಲ್ಲ ಶಾಖ 5 ವ್ಯಾಟ್ ಆಸುಪಾಸು. ಪಂಪು ತಾನಾಗಿ 12 ವ್ಯಾಟ್ ಸಾಗಿಸಬಲ್ಲದು. ಪಂಪಿನ ಅರ್ಧಕ್ಕಿಂತ ಜಾಸ್ತಿ ಶಕ್ತಿಯನ್ನು ಹೋಸೇ ನುಂಗುತ್ತಿತ್ತು.

ಹೋಸಿನ ಒಳತೂತಿನ ಅಗಲ ಎರಡು ಪಟ್ಟಾದರೆ ಸಾಗುವ ಆವಿ ಹದಿನಾರು ಪಟ್ಟಾಗುತ್ತದೆ. ಅದಕ್ಕೆ 12 ಮಿ.ಮೀ. ಒಳತೂತಿನ, ಒಳಗೆ ಸ್ಟೀಲ್ ಸ್ಪ್ರಿಂಗ್ ಇರುವ ಸಕ್ಷನ್ ಹೋಸು ತಂದು ಮೊಳಕ್ಕಿಂತ ಕಮ್ಮಿ ಉದ್ದ ಇಟ್ಟೆ. ಪಂಪಿನ ಬಾಯಿಯಲ್ಲಿದ್ದ ಕಾಲಿಂಚಿನ ಅಡಾಪ್ಟರ್ ಬಿಚ್ಚಿ ದೊಡ್ಡದನ್ನು ಹಾಕಿದೆ. ಸಾಮಾನ್ಯ ತೋಟದ ಹೋಸು ನಡೆಯುವುದಿಲ್ಲ, ಚಪ್ಪಟೆಯಾಗಿ ಅಂಟಿಕೊಂಡುಬಿಡುತ್ತದೆ.

ಎರಡನೆಯದು ಬಟ್ಟಲು ಕೂತ ಜಾಗ. ಸ್ಟೀಲ್ ಬಟ್ಟಲು ನೇರವಾಗಿ ಕಬ್ಬಿಣದ ತಳದ ಮೇಲೆ ಕೂತಿತ್ತು. ನೀರು ತಣ್ಣಗಾದಷ್ಟೂ ಕಬ್ಬಿಣದಿಂದ ಶಾಖ ಬಟ್ಟಲಿಗೆ ಹರಿಯುತ್ತಿತ್ತು. ಆವಿ ತೆಗೆದುಕೊಂಡು ಹೋಗುವಷ್ಟನ್ನು ಕಬ್ಬಿಣ ತುಂಬಿಕೊಡುತ್ತಿತ್ತು. ಎರಡೂ ಸಮವಾದ ಜಾಗವೇ ಆ 10 ಡಿಗ್ರಿ. ಈಗ ಅಗಲ ಬಾಯಿಯ ಪ್ಲಾಸ್ಟಿಕ್ ಡಬ್ಬಿಯ ಮುಚ್ಚಳದಲ್ಲಿ ನೀರು ಹಾಕಿ ಅದನ್ನು ಮೂರು ಕಾರ್ಕ್ ತುಂಡುಗಳ ಮೇಲೆ ಇಡುತ್ತೇನೆ.

ಮೂರನೆಯದು ನೀರಿನ ಆಳ. ಇದು ನನಗೆ ತುಂಬಾ ಇಷ್ಟವಾದದ್ದು. 3 ಸೆಂ.ಮೀ. ಆಳದ ನೀರಿನ ತಳದಲ್ಲಿ ಮೇಲಿನ ನೀರಿನ ಭಾರವೇ 3 ಮಿಲಿಬಾರ್ ಒತ್ತಡ ಸೇರಿಸುತ್ತದೆ. ಅಡುಗೆಮನೆಯಲ್ಲಿ 910ಕ್ಕೆ 3 ಸೇರಿದರೆ ಲೆಕ್ಕಕ್ಕೇ ಇಲ್ಲ. ಆದರೆ ಮೇಲೆ 6 ಮಿಲಿಬಾರ್ ಇದ್ದಾಗ ತಳದಲ್ಲಿ 9 ಆಗಿಬಿಡುತ್ತದೆ. ಮೇಲ್ಮೈಯಲ್ಲಿ ಸೊನ್ನೆ ಡಿಗ್ರಿಗೆ ಕುದಿಯುವ ನೀರು ತಳದಲ್ಲಿ ಐದೂವರೆ ಡಿಗ್ರಿಗೆ ಮಾತ್ರ ಕುದಿಯಬಲ್ಲದು. ಬೆರಳು ಗಂಟಿನಷ್ಟು ಆಳದಲ್ಲಿ ಇಷ್ಟು ವ್ಯತ್ಯಾಸ. ಹಾಗಾಗಿ ನೀರು ತೆಳುವಾಗಿ ಹರಡಿರಬೇಕು. 10 ಮಿಲಿ ನೀರು, ಅರ್ಧ ಸೆಂ.ಮೀ. ಆಳ, ಥರ್ಮೋಕಪಲ್ ತುದಿ ಅದರೊಳಗೆ.

ಐಸ್

ಈ ಮೂರನ್ನೂ ಬದಲಿಸಿದ ಮೇಲೆ 10 ಡಿಗ್ರಿಯ ಗೋಡೆ ಸುಲಭವಾಗಿ ದಾಟಿತು. 5 ಡಿಗ್ರಿಯ ಹತ್ತಿರ ಬರುತ್ತಿದ್ದಂತೆ ಗುಳ್ಳೆಗಳು ನಿಧಾನವಾದವು. ಒಂದು ಗುಳ್ಳೆ ಎದ್ದು, ನೀರು ಅಲುಗಿ, ಮತ್ತೆ ಸುಮ್ಮನಾಗಿ, ಕಾದು, ಇನ್ನೊಂದು. ಸೊನ್ನೆ ಬಂತು. ಐಸ್ ಬರಲಿಲ್ಲ. ಮೀಟರ್ ಸೊನ್ನೆಗಿಂತ ಕೆಳಗೆ ಇಳಿಯಿತು: -1, -2, -4. ನೀರು ಇನ್ನೂ ನೀರೇ, ಕನ್ನಡಿಯಂತೆ ತಿಳಿ.

ನೀರು ಹೀಗೆ ಮಾಡುತ್ತದೆ. ಐಸ್ ಆಗಲು ಮೊದಲ ಹರಳು ಎಲ್ಲಾದರೂ ಹುಟ್ಟಬೇಕು. ಒಂದು ಧೂಳಿನ ಕಣ, ಒಂದು ಗೀರು, ಒಂದು ಅಲುಗಾಟ ಸಿಗುವವರೆಗೂ ಅದು ಸೊನ್ನೆಗಿಂತ ಕೆಳಗೂ ದ್ರವವಾಗಿಯೇ ಇರಬಲ್ಲದು. -5ರ ಹತ್ತಿರ ಒಂದು ತಡವಾದ ಗುಳ್ಳೆ ಎದ್ದಿತು. ಅದು ಒಡೆದ ಜಾಗದಿಂದ ಬಿಳಿ ಸೂಜಿಗಳು ಹೊರಟು ಒಂದೇ ಕ್ಷಣದಲ್ಲಿ ಪ್ಲಾಸ್ಟಿಕ್ ಮುಚ್ಚಳದ ಅಂಚು ಮುಟ್ಟಿದವು. ಮೀಟರ್ ನೋಡಿದರೆ ತಾಪ ಇಳಿದಿರಲಿಲ್ಲ, ಏರಿತ್ತು! -5ರಿಂದ ನೇರ ಸೊನ್ನೆಗೆ. ಹೆಪ್ಪುಗಟ್ಟುವಾಗ ನೀರು ಶಾಖ ಬಿಡುತ್ತದೆ, ಆ ಶಾಖವೇ ಉಳಿದ ನೀರನ್ನು ಸೊನ್ನೆಗೆ ತಂದು ನಿಲ್ಲಿಸುತ್ತದೆ. ಆ ಒಂದು ಕ್ಷಣದಲ್ಲಿ ಐಸ್ ಆದದ್ದು ನೂರರಲ್ಲಿ ಆರು ಪಾಲು ನೀರು ಮಾತ್ರ. 5 ಡಿಗ್ರಿ ಏರಲು ಬೇಕಾದ ಶಾಖ ಅಷ್ಟರಿಂದಲೇ ಸಿಕ್ಕಿಬಿಡುತ್ತದೆ. ಉಳಿದದ್ದು ಸೂಜಿಗಳ ನಡುವೆ ನೀರಾಗಿಯೇ ನಿಂತಿತ್ತು.

ನೋಡಬೇಕಾದದ್ದು ಇಲ್ಲಿಂದ ಮುಂದೆ. ಮೇಲೆ ಐಸ್‌ನ ತೆಳು ಪದರ, ಅದರ ಕೆಳಗೆ ನೀರು. ಪಂಪು ಎಳೆಯುತ್ತಲೇ ಇದೆ. ಪದರದ ಕೆಳಗೆ ಆವಿ ಗುಳ್ಳೆ ಕಟ್ಟಿ ಐಸನ್ನು ಗುಮ್ಮಟದಂತೆ ಉಬ್ಬಿಸುತ್ತದೆ, ಟಪ್ ಎಂದು ಬಿರುಕು ಬಿಡುತ್ತದೆ, ಆ ಬಿರುಕಿನಿಂದ ನೀರು ಚಿಮ್ಮಿ ಬೀಳುವಷ್ಟರಲ್ಲಿ ಐಸ್ ಆಗಿರುತ್ತದೆ. ಒಂದೇ ಬೊಗಸೆಯಗಲದ ಜಾಗದಲ್ಲಿ ಐಸ್, ನೀರು, ಕುದಿತ ಮೂರೂ ಒಟ್ಟಿಗೆ. ಅಷ್ಟು ಹೊತ್ತೂ ಮೀಟರ್ ಸೊನ್ನೆ ಬಿಟ್ಟು ಕದಲುವುದಿಲ್ಲ. ಮೂರು ರೂಪಗಳೂ ಒಟ್ಟಿಗೆ ಇರುವವರೆಗೆ ಒತ್ತಡಕ್ಕೂ ತಾಪಕ್ಕೂ ಬೇರೆ ಕಡೆ ಹೋಗುವ ಸ್ವಾತಂತ್ರ್ಯ ಇಲ್ಲ. ಪಂಪು ಇನ್ನಷ್ಟು ಎಳೆದರೆ ಒತ್ತಡ ಇಳಿಯುವ ಬದಲು ಇನ್ನಷ್ಟು ನೀರು ಐಸ್ ಆಗುತ್ತದೆ.

ಇದೇ ನೀರಿನ ತ್ರಿಬಿಂದು: 0.01 ಡಿಗ್ರಿ, 6.1 ಮಿಲಿಬಾರ್. ಯಾವ ಊರಿನಲ್ಲಿ ಮಾಡಿದರೂ ಶುದ್ಧ ನೀರಿಗೆ ಇದು ಬದಲಾಗುವುದಿಲ್ಲ. ಅದಕ್ಕೇ 1954ರಿಂದ 2019ರ ಮೇ 20ರವರೆಗೆ ಜಗತ್ತಿನ ತಾಪಮಾನದ ಅಳತೆಯೇ ಇದರ ಮೇಲೆ ನಿಂತಿತ್ತು. ಈ ಬಿಂದುವನ್ನು 273.16 ಕೆಲ್ವಿನ್ ಎಂದು ಇಟ್ಟುಕೊಂಡು ಕೆಲ್ವಿನ್ ಎಂದರೆ ಎಷ್ಟು ಎಂದು ಹೇಳುತ್ತಿದ್ದರು. ಈಗ ಆ ವ್ಯಾಖ್ಯೆ ತಾಪಕ್ಕೂ ಕಣಗಳ ಶಕ್ತಿಗೂ ನಂಟು ಹೇಳುವ ಬೋಲ್ಟ್ಸ್‌ಮನ್ ಸ್ಥಿರಾಂಕಕ್ಕೆ ಹೋಗಿದೆ.

ಆ 0.01 ಎಲ್ಲಿಂದ ಬಂತು ಎನ್ನುವುದರಲ್ಲೇ ನೀರಿನ ಇನ್ನೊಂದು ವಿಚಿತ್ರ ಇದೆ. ಹೆಚ್ಚಿನ ವಸ್ತುಗಳನ್ನು ಒತ್ತಿದರೆ ಅವು ಗಟ್ಟಿಯಾಗಲು ನೋಡುತ್ತವೆ. ನೀರು ಉಲ್ಟಾ. ಐಸ್ ನೀರಿಗಿಂತ ನೂರಕ್ಕೆ ಸುಮಾರು 9 ಪಾಲು ಜಾಸ್ತಿ ಜಾಗ ಹಿಡಿಯುತ್ತದೆ, ಒತ್ತಿದರೆ ಅದು ಕಡಿಮೆ ಜಾಗದ ದ್ರವವಾಗಲು ನೋಡುತ್ತದೆ. ಅಂದರೆ ಒತ್ತಡ ಏರಿದರೆ ಐಸ್ ಕರಗುವ ಬಿಂದು ಇಳಿಯುತ್ತದೆ. ಸಮುದ್ರಮಟ್ಟದ ಗಾಳಿಯ ಭಾರ ಪೂರ್ತಿ ತೆಗೆದರೆ ಆ ಬಿಂದು ಡಿಗ್ರಿಯ ಸಾವಿರದಲ್ಲಿ ಏಳೂವರೆ ಪಾಲಿನಷ್ಟು ಮೇಲೇಳುತ್ತದೆ. ನೀರಿನಲ್ಲಿ ಕರಗಿದ ಗಾಳಿಯೂ ಹೋದಾಗ ಇನ್ನೆರಡೂವರೆ ಪಾಲು. ಎರಡೂ ಸೇರಿ 0.01. ನನ್ನ ಥರ್ಮೋಕಪಲ್‌ಗೆ ಅಷ್ಟು ಸೂಕ್ಷ್ಮ ಕಾಣುವುದಿಲ್ಲ, ಆದರೆ ಅದು ನಡೆಯುತ್ತಿರುವುದು ಆ ಪ್ಲಾಸ್ಟಿಕ್ ಮುಚ್ಚಳದಲ್ಲೇ.

ಮಂಗಳ ಗ್ರಹದ ಮೇಲ್ಮೈಯಲ್ಲಿ ಗಾಳಿಯ ಸರಾಸರಿ ಒತ್ತಡವೂ ಸುಮಾರು 6 ಮಿಲಿಬಾರ್. ನಾಸಾದ ಮ್ಯಾರಿನರ್ 9 ನೌಕೆ ಕೊಟ್ಟ ಮಾಹಿತಿ ಇಟ್ಟುಕೊಂಡು ವಿಜ್ಞಾನಿಗಳು ಮಂಗಳದ "ಸಮುದ್ರಮಟ್ಟ"ವನ್ನು ಈ 6.1 ಮಿಲಿಬಾರ್ ಇರುವ ಎತ್ತರ ಎಂದೇ ಇಟ್ಟುಕೊಂಡಿದ್ದರು. ಅದಕ್ಕಿಂತ ಮೇಲಿನ ಜಾಗದಲ್ಲಿ ಶುದ್ಧ ನೀರು ದ್ರವವಾಗಿ ನಿಲ್ಲಲಾರದು. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ಕಕ್ಷೆ ಸೇರಿದ್ದನ್ನು ಬೆಂಗಳೂರಿನ ನಮ್ಮ ಪೀಣ್ಯದಲ್ಲಿರುವ ಇಸ್ರೋದ ಇಸ್ಟ್ರಾಕ್ ಕೇಂದ್ರದಿಂದ ನೋಡಿಕೊಂಡರು. ಅದು ಸುತ್ತಿದ ನೆಲದ ಮೇಲೆ ನೀರಿಗೆ ಏನಾಗುತ್ತದೆ ಎನ್ನುವುದರ ಒಂದು ಅಂಶವನ್ನು ಇದೇ ಊರಿನಲ್ಲಿ, ಪೈಪಿನ ತುಂಡಿನೊಳಗೆ ನೋಡಬಹುದು ಎನ್ನುವುದು ನನಗೆ ಈಗಲೂ ಖುಷಿ ಕೊಡುತ್ತದೆ.

ನೀರು ಪೂರ್ತಿ ಐಸ್ ಆದಮೇಲೆ ಮೀಟರ್ ಮತ್ತೆ ಇಳಿಯತೊಡಗುತ್ತದೆ. -10, -15. ಐಸ್ ಕರಗದೆ ನೇರವಾಗಿ ಆವಿಯಾಗುತ್ತಿರುತ್ತದೆ. -20ಕ್ಕೆ ಒತ್ತಡ ಒಂದು ಮಿಲಿಬಾರ್ ಆಸುಪಾಸು. ಹೆಚ್ಚು ಹೊತ್ತು ಬಿಟ್ಟರೆ ಐಸ್‌ನ ಅಂಚು ಸವೆಯುವುದು ಕಾಣುತ್ತದೆ, ಕೆಳಗೆ ಒಂದು ಹನಿ ನೀರೂ ಇರುವುದಿಲ್ಲ. ಫ್ರೀಜ್ ಡ್ರೈ ಮಾಡಿದ ಇನ್‌ಸ್ಟಂಟ್ ಕಾಫಿ ತಯಾರಾಗುವುದು ಹೀಗೇ. ಕಾಫಿಯ ನೀರು ದ್ರವವಾಗದೆ ಹೊರಟುಹೋಗುತ್ತದೆ, ಘಮ ಹೆಚ್ಚು ಉಳಿಯುತ್ತದೆ.

ಚಿನ್ನದಂಗಡಿಯ ತಕ್ಕಡಿಯಂಥ ಪುಟ್ಟ ಡಿಜಿಟಲ್ ತಕ್ಕಡಿ ಇದ್ದರೆ ಒಂದು ಒಳ್ಳೆಯ ಲೆಕ್ಕ ಮಾಡಬಹುದು. 27 ಡಿಗ್ರಿಯ 10 ಗ್ರಾಂ ನೀರು ಹೊರಗಿನ ಶಾಖ ಸ್ವಲ್ಪವೂ ತಾಗದೆ ಐಸ್ ಆದರೆ 1.6 ಗ್ರಾಂ ಮಾತ್ರ ಆವಿಯಾಗಬೇಕು, 8.4 ಗ್ರಾಂ ಐಸ್ ಉಳಿಯಬೇಕು. ನನಗೆ ಉಳಿಯುವುದು 7 ಗ್ರಾಂ ಚಿಲ್ಲರೆ. ನಡುವಿನ ವ್ಯತ್ಯಾಸ ಪಾತ್ರೆಯ ಗೋಡೆಯಿಂದ, ಕಾರ್ಕಿನಿಂದ, ಥರ್ಮೋಕಪಲ್ ತಂತಿಯಿಂದ ಒಳಗೆ ಬಂದ ಶಾಖ. ಕಾರ್ಕ್ ಸಣ್ಣದು ಮಾಡಿದಷ್ಟೂ ಐಸ್ ಜಾಸ್ತಿ ಉಳಿಯುತ್ತದೆ.

ಪಂಪಿನ ಎಣ್ಣೆ, ಸಿಲಿಕಾ ಜೆಲ್

ಈ ಪ್ರಯೋಗ ಪಂಪಿಗೆ ಒಳ್ಳೆಯದಲ್ಲ. ಒಳಗೆ ಬಂದ ಆವಿಯನ್ನು ಪಂಪು ಅದುಮಿದಾಗ ಅದು ಮತ್ತೆ ನೀರಾಗಿ ಎಣ್ಣೆಯಲ್ಲಿ ಸೇರುತ್ತದೆ. ಗಾಜಿನ ಕಿಂಡಿಯಲ್ಲಿ ನೋಡಿದರೆ ಎಣ್ಣೆ ಮಜ್ಜಿಗೆಯಂತೆ ಬೆಳ್ಳಗಾಗಿರುತ್ತದೆ. ಅಂಥ ಎಣ್ಣೆಯಿಂದ ಪಂಪು ಕೆಳಗಿನ ಒತ್ತಡ ಮುಟ್ಟುವುದೂ ಇಲ್ಲ, ಒಳಗೆ ತುಕ್ಕೂ ಹಿಡಿಯುತ್ತದೆ. ಪಂಪಿನಲ್ಲಿ ಗ್ಯಾಸ್ ಬ್ಯಾಲಾಸ್ಟ್ ಎಂಬ ಪುಟ್ಟ ತಿರುಪು ಇದ್ದರೆ ಅದನ್ನು ಸ್ವಲ್ಪ ತೆರೆದಿಡಿ. ಅದರಿಂದ ಒಂಚೂರು ಹೊರಗಿನ ಗಾಳಿ ಸೇರಿ, ಆವಿ ನೀರಾಗುವ ಮುಂಚೆಯೇ ಹೊರಗೆ ಹೋಗುತ್ತದೆ.

ಇದಕ್ಕಿಂತ ಒಳ್ಳೆಯ ದಾರಿ 200 ವರ್ಷಕ್ಕೂ ಹಳೆಯದು. 1810ರಲ್ಲಿ ಎಡಿನ್‌ಬರೋದ ವಿಜ್ಞಾನಿ ಜಾನ್ ಲೆಸ್ಲಿ ಗಾಳಿ ತೆಗೆದ ಗಾಜಿನ ಗಂಟೆಯೊಳಗೆ ನೀರಿನ ಬಟ್ಟಲಿನ ಪಕ್ಕದಲ್ಲೇ ಗಂಧಕಾಮ್ಲ ಇಟ್ಟ. ಆಮ್ಲ ಆವಿಯನ್ನು ಹೀರಿಕೊಂಡಿತು, ನೀರು ಐಸ್ ಆಯಿತು. ಮನೆಯಲ್ಲಿ ಗಂಧಕಾಮ್ಲದ ಸಹವಾಸ ಬೇಡ. ನಾನು ಅಗಲವಾದ ತಟ್ಟೆಯಲ್ಲಿ ಕಾಲು ಕೆ.ಜಿ. ಸಿಲಿಕಾ ಜೆಲ್ ಹರಡಿ, ನಡುವೆ ಕಾರ್ಕ್ ಇಟ್ಟು ನೀರಿನ ಮುಚ್ಚಳ ಕೂರಿಸಿದೆ. ಹೊಸ ಪೆಟ್ಟಿಗೆಗಳಲ್ಲಿ ಸಿಗುವ ಆ ಪುಟ್ಟ ಪೊಟ್ಟಣಗಳಲ್ಲಿ ಇರುವುದೂ ಇದೇ, ಅಂಗಡಿಯಲ್ಲಿ ಕೆ.ಜಿ. ಲೆಕ್ಕದಲ್ಲಿ ಸಿಗುತ್ತದೆ. ಬಣ್ಣ ಬದಲಿಸುವ ಕಾಳು ಬೇಕಿದ್ದರೆ ಕಿತ್ತಳೆ ಬಣ್ಣದ್ದು ತನ್ನಿ. ನೀಲಿಯಲ್ಲಿ ಕೋಬಾಲ್ಟ್ ಇರುತ್ತದೆ, ಮನೆಯಲ್ಲಿ ಮಕ್ಕಳಿದ್ದರೆ ಬೇಡವೇ ಬೇಡ.

ಸಿಲಿಕಾ ಜೆಲ್ ಇಟ್ಟ ಮೇಲೆ ಪಂಪಿಗೆ ಹೋಗುವ ಆವಿ ತುಂಬಾ ಕಡಿಮೆಯಾಯಿತು, ಎಣ್ಣೆ ತಿಳಿಯಾಗಿ ಉಳಿಯಿತು, ಐಸ್ ಮುಂಚಿಗಿಂತ ಬೇಗ ಬಂತು. ಕೊನೆಗೆ ನೀರು ಚೆನ್ನಾಗಿ ಕುದಿಯತೊಡಗಿದ ಮೇಲೆ ಬಾಲ್ ವಾಲ್ವ್ ಮುಚ್ಚಿ ಪಂಪನ್ನೇ ನಿಲ್ಲಿಸಿ ನೋಡಿದೆ. ಸದ್ದಿಲ್ಲದೆ ತಾಪ ಇಳಿಯುತ್ತಲೇ ಹೋಯಿತು, ನೀರು ಹೆಪ್ಪುಗಟ್ಟಿತು. ಗಾಳಿ ತೆಗೆಯುವುದಷ್ಟೇ ಪಂಪಿನ ಕೆಲಸ, ಆವಿ ಸಾಗಿಸುವುದನ್ನು ಕಾಳುಗಳೇ ಮಾಡುತ್ತವೆ. ಗಾಳಿ ಮಾತ್ರ ಪೂರ್ತಿ ಹೋಗಿರಬೇಕು. ಉಳಿದರೆ ಆವಿ ಕಾಳಿನ ತನಕ ತಲುಪಲು ಅದೇ ಅಡ್ಡ ಬರುತ್ತದೆ.

ಮುಚ್ಚಳ ತೆಗೆದ ಕೂಡಲೇ ಒಂದು ಕೈಯಲ್ಲಿ ಐಸ್, ಇನ್ನೊಂದು ಕೈಯಲ್ಲಿ ಒಂದು ಹಿಡಿ ಕಾಳು ತೆಗೆದುಕೊಳ್ಳಿ. ಕಾಳು ಬಿಸಿಯಾಗಿರುತ್ತದೆ. ನೀರಿನಿಂದ ಹೋದ ಶಾಖ ಎಲ್ಲೂ ಕಳೆದುಹೋಗಿಲ್ಲ, ಅಲ್ಲಿದೆ.

ಮುಗಿದ ಮೇಲೆ ಮಾಡಬೇಕಾದ ಕೆಲಸ ಹೀಗೆ. ಗಾಳಿ ವಾಲ್ವನ್ನು ನಿಧಾನವಾಗಿ ತೆರೆಯಿರಿ, ಜೋರಾಗಿ ತೆರೆದರೆ ಕಾಳು ಹಾರಿ ಚೆಲ್ಲುತ್ತದೆ. ಪಾತ್ರೆಯನ್ನು ಒರೆಸಿ ಒಣಗಿಸಿ, ಕಬ್ಬಿಣಕ್ಕೆ ತುಕ್ಕು ಬೇಗ. ಪಂಪಿನ ಬಾಯಿ ಮುಚ್ಚಿ, ಗ್ಯಾಸ್ ಬ್ಯಾಲಾಸ್ಟ್ ತೆರೆದು ಇಪ್ಪತ್ತು ನಿಮಿಷ ಓಡಿಸಿದರೆ ಎಣ್ಣೆಯೊಳಗಿನ ಪಸೆ ಹೋಗುತ್ತದೆ. ಎಣ್ಣೆ ಆಗಲೇ ಬೆಳ್ಳಗಾಗಿದ್ದರೆ ಬದಲಿಸಿಬಿಡಿ. ಕಾಳನ್ನು ಅಡುಗೆಗೆ ಬಳಸದ ಹಳೆಯ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ಬಣ್ಣ ಮರಳುವವರೆಗೆ ಬಿಸಿಮಾಡಿ, ಆರಿದ ಮೇಲೆ ಬಿಗಿ ಮುಚ್ಚಳದ ಡಬ್ಬಿಗೆ ಹಾಕಿಡಿ.